ಟ್ಯಾಂಕ್ ಖಾಲಿಯಾಗಲು ಎಷ್ಟು ಹೊತ್ತು ಬೇಕು?

ಕ್ಯಾಂಪಿನ ನೀರಿನ ಟ್ಯಾಂಕ್ ತೊಳೆಯುವ ದಿನ ಫೋರ್‌ಮನ್ ಕೇಳೋದು ಒಂದೇ ಪ್ರಶ್ನೆ: "ಎಷ್ಟು ಹೊತ್ತು?" ಬಾಯಿಗೆ ಬಂದದ್ದು ಹೇಳಬೇಡಿ, ಲೆಕ್ಕ ಹಾಕಿ ಹೇಳಿ.

ಒಳಬರುವ ನೀರನ್ನು ಬಂದ್ ಮಾಡಿ, ಮುಚ್ಚಳ ತೆಗೆಯಿರಿ. ಗಾಳಿ ಒಳಗೆ ಹೋಗದಿದ್ದರೆ ನೀರು ತಡೆತಡೆದು ಬರುತ್ತದೆ. ಕೆಳಗಿನ ವಾಲ್ವ್ ಪೂರ್ತಿ ಬಿಟ್ಟ ಕೂಡಲೇ 20 ಲೀಟರ್ ಬಕೆಟ್ ಹಿಡಿದು, ತುಂಬಲು ಎಷ್ಟು ಸೆಕೆಂಡ್ ಬೇಕು ಅಂತ ಮೊಬೈಲಿನಲ್ಲಿ ನೋಡಿ. 15 ಸೆಕೆಂಡ್ ಅಂದ್ರೆ ನಿಮಿಷಕ್ಕೆ 80 ಲೀಟರ್. ವಾಲ್ವಿನ ಮೇಲೆ 1,200 ಲೀಟರ್ ಇದ್ದರೆ 15 ನಿಮಿಷ ಸಾಕು ಅನ್ನಿಸುತ್ತದೆ.

ಸಾಲದು. ಅಲ್ಲೇ ಎಲ್ಲರ ಲೆಕ್ಕ ತಪ್ಪೋದು. ನೀರಿನ ಮಟ್ಟ ಇಳಿದಂತೆ ಒತ್ತಡ ಕಡಿಮೆಯಾಗಿ ಹರಿವೂ ನಿಧಾನವಾಗುತ್ತದೆ. ಮಟ್ಟ ಕಾಲು ಭಾಗಕ್ಕೆ ಬಂದಾಗ ವೇಗ ಅರ್ಧ. ಮೇಲಿಂದ ಕೆಳಗೆ ಒಂದೇ ಅಗಲದ ಟ್ಯಾಂಕಿಗೆ ಸುಮಾರು ಎರಡರಷ್ಟು, ಅಂದ್ರೆ 30 ನಿಮಿಷ, ಹೇಳಿ. 15 ನಿಮಿಷಕ್ಕೆ ಇನ್ನೂ 300 ಲೀಟರ್ ಒಳಗೇ ಇರುತ್ತದೆ. ವಾಲ್ವಿಗಿಂತ ಕೆಳಗಿನ ಕೆಸರುನೀರು ಬೇರೆ.

ನೀರು ಹೋಯ್ತು ಅಂತ ಇಳಿದುಬಿಡಬೇಡಿ. ಒಳಗಿನ ಗಾಳಿ ಪರೀಕ್ಷೆ ಆಗಬೇಕು, ಪರ್ಮಿಟ್ ಬರಬೇಕು, ಹೊರಗೆ ಒಬ್ಬರು ಕಾವಲಿಗೆ ನಿಂತಿರಬೇಕು. "ಯಲ್ಲಾ, ಯಲ್ಲಾ" ಅಂತ ಎಷ್ಟೇ ಅವಸರ ಮಾಡಿದರೂ ಅಲ್ಲಿಯವರೆಗೆ ಹೊರಗೇ ಇರಿ.