ಟೊಳ್ಳು ಉಳಿಯ ಯಂತ್ರ: ಮನೆಯ ಮರಗೆಲಸದಲ್ಲಿ ಚೌಕ ಕುಳಿ ತೆಗೆಯುವ ಕ್ರಮ

ಗುಜರಾತಿನ ಹಳೆಯ ನಗರಗಳಲ್ಲಿ ಮನೆಯೆಂದರೆ ಮೊದಲು ಮರ, ಅನಂತರ ಇಟ್ಟಿಗೆ. ಅಹಮದಾಬಾದಿನ ಕೋಟೆಯೊಳಗೆ ‘ಪೋಳ್’ ಎಂದು ಕರೆಯಲ್ಪಡುವ ಇಕ್ಕಟ್ಟಾದ ಕೇರಿಗಳಿವೆ. ಅಲ್ಲಿನ ಮನೆಗಳಲ್ಲಿ ಭಾರವನ್ನು ಹೊರುವುದು ತೇಗದ ಕಂಬ, ಬೋದಿಗೆ ಮತ್ತು ತೊಲೆಗಳ ಚೌಕಟ್ಟು. ಇಟ್ಟಿಗೆಯ ಗೋಡೆಯು ಬಹುಮಟ್ಟಿಗೆ ಆ ಚೌಕಟ್ಟಿನ ನಡುವಣ ತೆರಪನ್ನು ತುಂಬುತ್ತದೆ. 2017ರಲ್ಲಿ ಯುನೆಸ್ಕೋ ಸಂಸ್ಥೆಯು ಈ ಹಳೆಯ ನಗರವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. 2001ರ ಜನವರಿ 26ರಂದು ಕಛ್ ಪ್ರದೇಶದಲ್ಲಿ ಭೂಕಂಪವಾದಾಗ ದೂರದ ಅಹಮದಾಬಾದಿನಲ್ಲಿಯೂ ಹಲವು ಬಹುಮಹಡಿ ಕಾಂಕ್ರೀಟ್ ಕಟ್ಟಡಗಳು ಕುಸಿದು ಜೀವಹಾನಿಯಾಯಿತು. ಆದರೆ ಪೋಳ್‌ಗಳಲ್ಲಿನ ಅನೇಕ ಮರದ ಚೌಕಟ್ಟಿನ ಮನೆಗಳು ಬಿರುಕು ಬಿಟ್ಟರೂ ನಿಂತವು. ಮರಕ್ಕೆ ಸ್ವಲ್ಪ ಬಾಗುವ ಗುಣವಿರುವುದು ಇದಕ್ಕೊಂದು ಕಾರಣ; ಕಂಬವೂ ತೊಲೆಯೂ ಕೂಡುವ ಸಂದು ಒಮ್ಮೆಲೇ ಮುರಿಯದೆ ತುಸು ಅಲುಗಾಡಿ ಮತ್ತೆ ತನ್ನ ಸ್ಥಾನಕ್ಕೆ ಬರಬಲ್ಲುದಾಗಿರುವುದು ಇನ್ನೊಂದು ಕಾರಣ.

ಅಂತಹ ಸಂದುಗಳಲ್ಲಿ ಅತ್ಯಂತ ಹಳೆಯದೂ ಬಲವಾದುದೂ ಆದ ಒಂದನ್ನು ಕುರಿತು ಈ ಪಾಠವಿದೆ. ಒಂದು ಮರದಲ್ಲಿ ಚೌಕಾಕಾರದ ಕುಳಿಯನ್ನು ತೆಗೆದು, ಇನ್ನೊಂದು ಮರದ ತುದಿಯನ್ನು ಅದಕ್ಕೆ ಸರಿಹೊಂದುವ ನಾಲಿಗೆಯಾಗಿ ಕೆತ್ತಿ, ಎರಡನ್ನೂ ಕೂಡಿಸುವುದೇ ಈ ಜೋಡಣೆ. ತಾಂತ್ರಿಕ ಶಾಲೆಗಳಲ್ಲಿ ಇದನ್ನು ಮಾರ್ಟೈಸ್ ಮತ್ತು ಟೆನನ್ ಜೋಡಣೆಯೆನ್ನುತ್ತಾರೆ. ನಮ್ಮ ಮಲೆನಾಡಿನ ತೊಟ್ಟಿಮನೆಗಳ ಕಂಬಗಳಲ್ಲಿಯೂ, ಊರಿನ ಬಡಗಿ ಮಾಡಿಕೊಟ್ಟ ಬಾಗಿಲುವಾಡದಲ್ಲಿಯೂ ಇದೇ ಸಂದು ಇದೆ. ಕುಳಿಯನ್ನು ಉಳಿ ಮತ್ತು ಕೊಡತಿಯಿಂದ ತೆಗೆಯುವುದು ಪರಂಪರೆಯ ವಿಧಾನ. ಅದೇ ಕೆಲಸವನ್ನು ವಿದ್ಯುಚ್ಛಕ್ತಿಯಿಂದ ಮಾಡುವ ಸಾಧನವೇ ಟೊಳ್ಳು ಉಳಿಯ ಯಂತ್ರ, ಅಂದರೆ ಹಾಲೋ ಚಿಸೆಲ್ ಮಾರ್ಟೈಸರ್. ಮೇಜಿನ ಮೇಲೆ ಕೂರಿಸಬಹುದಾದ ಇದರ ಸಣ್ಣ ಮಾದರಿಗಳು ಈಗ ಮನೆಯ ಕಾರ್ಯಶಾಲೆಗಳಿಗೂ ಬಂದಿವೆ.

ಗುಜರಾತಿನ ಮೂರು ನಗರಗಳ ಮರಗೆಲಸ

ಅಹಮದಾಬಾದಿನ ಮರದ ಕೆತ್ತನೆಗೆ ಹೊರನಾಡುಗಳಲ್ಲಿಯೂ ಬೇಡಿಕೆಯಿತ್ತು. 1881ರಲ್ಲಿ ಲಾಕ್‌ವುಡ್ ಡಿ ಫಾರೆಸ್ಟ್ ಎಂಬ ಅಮೆರಿಕದ ಕಲಾವಿದನು ಮಗನ್‌ಭಾಯಿ ಹಠೀಸಿಂಗ್ ಅವರೊಡಗೂಡಿ ಇಲ್ಲಿ ಮರದ ಕೆತ್ತನೆಯ ಸಂಸ್ಥೆಯೊಂದನ್ನು ಸ್ಥಾಪಿಸಿ, ಇಲ್ಲಿನ ಕುಶಲಕರ್ಮಿಗಳ ಕೆಲಸವನ್ನು ನ್ಯೂಯಾರ್ಕಿಗೆ ಕಳುಹಿಸಿದನು. 1961ರಲ್ಲಿ ಇದೇ ನಗರದಲ್ಲಿ ಆರಂಭವಾದ ರಾಷ್ಟ್ರೀಯ ವಿನ್ಯಾಸ ಸಂಸ್ಥೆಗೆ 1964ರಲ್ಲಿ ಪ್ರಸಿದ್ಧ ಮರಗೆಲಸಗಾರ ಜಾರ್ಜ್ ನಾಕಾಶಿಮಾ ಬಂದು ಪೀಠೋಪಕರಣಗಳನ್ನು ವಿನ್ಯಾಸಗೊಳಿಸಿದರು. ಸೂರತ್ ನಗರವು ಒಂದು ಕಾಲದಲ್ಲಿ ಹಡಗು ಕಟ್ಟುವ ಬಡಗಿಗಳ ನೆಲೆಯಾಗಿತ್ತು. 1736ರಲ್ಲಿ ಮುಂಬಯಿಗೆ ಹೋಗಿ ಅಲ್ಲಿನ ಹಡಗುಕಟ್ಟೆಯ ಕಾರ್ಯಕ್ಕೆ ಬುನಾದಿ ಹಾಕಿದ ಲವಜಿ ನಸರ್ವಾನ್‌ಜಿ ವಾಡಿಯಾ ಸೂರತ್ತಿನವರೇ.

ವಡೋದರಾ ನಗರದ ವಿಷಯವಾಗಿ ಎರಡು ಮಾತು ಹೆಚ್ಚು ಹೇಳಬೇಕಾಗಿದೆ. ಮಹಾರಾಜ ಮೂರನೆಯ ಸಯಾಜಿರಾವ್ ಗಾಯಕವಾಡರ ಆಶ್ರಯದಲ್ಲಿ 1890ರಲ್ಲಿ ಅಲ್ಲಿ ‘ಕಲಾಭವನ’ ಎಂಬ ತಾಂತ್ರಿಕ ವಿದ್ಯಾಲಯವು ಪ್ರಾರಂಭವಾಯಿತು. ಅದರ ಮುಖ್ಯಸ್ಥರಾಗಿದ್ದ ತ್ರಿಭುವನದಾಸ ಗಜ್ಜರರು ಕೈಕಸುಬಿನ ಶಾಸ್ತ್ರವನ್ನು ಮಾತೃಭಾಷೆಯಲ್ಲಿಯೇ ಕಲಿಸಬೇಕೆಂದು ಪಟ್ಟು ಹಿಡಿದವರು. ಉಪಕರಣದ ಹೆಸರು ಬಾಯಿಗೆ ಸಲೀಸಾಗಿ ಬಾರದಿದ್ದರೆ ಅದರ ಬಳಕೆಯೂ ಕೈಗೆ ಸಲೀಸಾಗಿ ಬಾರದೆಂಬುದು ಕನ್ನಡದ ತಾಂತ್ರಿಕ ಬರವಣಿಗೆಯಲ್ಲಿ ತೊಡಗಿರುವವರಿಗೆ ದಿನನಿತ್ಯವೂ ಅನುಭವಕ್ಕೆ ಬರುವ ಸಂಗತಿ. ವಡೋದರಾದಿಂದ ಆಗ್ನೇಯಕ್ಕಿರುವ ಸಂಖೇಡಾ ಎಂಬ ಊರು ಮೊದಲು ಅದೇ ಜಿಲ್ಲೆಯಲ್ಲಿತ್ತು. 2013ರಿಂದ ಛೋಟಾ ಉದೇಪುರ ಜಿಲ್ಲೆಗೆ ಸೇರಿದೆ. ನಮ್ಮ ಚನ್ನಪಟ್ಟಣದಲ್ಲಿ ಗೊಂಬೆಗಳಿಗೆ ಅರಗಿನ ಬಣ್ಣವೇರಿಸುವಂತೆ ಸಂಖೇಡಾದ ಖರಾದಿ ಕುಶಲಕರ್ಮಿಗಳು ತೇಗದ ಕಾಲುಗಳನ್ನೂ ಸರಳುಗಳನ್ನೂ ಕಡಚಲು ಯಂತ್ರದಲ್ಲಿ ತಿರುವಿ, ಅರಗಿನ ಬಣ್ಣವನ್ನೂ ಚಿತ್ತಾರವನ್ನೂ ಏರಿಸುತ್ತಾರೆ. ಅಲ್ಲಿನ ತೂಗುಮಣೆಗಳು ಹೆಸರಾದುವು.

ತೂಗುಮಣೆಯ ಮೇಲಿನ ಭಾರ

ಗುಜರಾತಿನ ಮನೆಗಳಲ್ಲಿ ‘ಹಿಂಚ್ಕೋ’ ಎಂದು ಕರೆಯಲಾಗುವ ತೂಗುಮಣೆಯು ಅಲಂಕಾರದ ವಸ್ತುವಲ್ಲ. ಮನೆಮಂದಿಯೆಲ್ಲ ಸಂಜೆಯ ಹೊತ್ತು ಕುಳಿತುಕೊಳ್ಳುವ ಸ್ಥಳ. ಹಳೆಯ ಮನೆಗಳಲ್ಲಿ ಅದನ್ನು ಛಾವಣಿಯ ತೊಲೆಗೆ ತೂಗುಹಾಕುತ್ತಿದ್ದರು. ಈಗಿನ ಮನೆಗಳಲ್ಲಿ ಹಲವರು ಪ್ರತ್ಯೇಕವಾದ ಮರದ ನಿಲುವನ್ನು ಮಾಡಿಸುತ್ತಾರೆ. ಮನೆಯಲ್ಲಿಯೇ ಮರಗೆಲಸ ಮಾಡುವ ಉತ್ಸಾಹಿಗಳು ಇಂತಹ ನಿಲುವಿಗೆ ಕೈಹಾಕುವ ಮುನ್ನ ಸಂದಿನ ಮೇಲೆ ಬೀಳುವ ಬಲವನ್ನು ಲೆಕ್ಕ ಹಾಕುವುದು ಅವಶ್ಯಕ.

ಮಣೆಯ ಮೇಲಿನ ಭಾರ ಒಟ್ಟು 120 ಕಿಲೋಗ್ರಾಂ ಎಂದಿಟ್ಟುಕೊಳ್ಳೋಣ. ಮಣೆಯು ನಿಂತಿರುವಾಗ ಮೇಲಿನ ಅಡ್ಡತೊಲೆಯು ಅಷ್ಟನ್ನೇ ಹೊರುತ್ತದೆ. ಅದು 30 ಡಿಗ್ರಿಯವರೆಗೆ ತೂಗಿದಾಗ, ಕೆಳಗಿನ ಬಿಂದುವನ್ನು ದಾಟುವ ಕ್ಷಣದಲ್ಲಿ ಎಳೆತವು ಸುಮಾರು 150 ಕಿಲೋಗ್ರಾಂ ತೂಕಕ್ಕೆ ಸಮನಾಗುತ್ತದೆ. ಅದಕ್ಕಿಂತಲೂ ಗಮನಾರ್ಹವಾದುದು ಅಡ್ಡಡ್ಡಲಾಗಿ ಬೀಳುವ ಎಳೆತ. ಎರಡೂ ಕೊನೆಗಳಲ್ಲಿ ಅದು 50 ಕಿಲೋಗ್ರಾಂ ತೂಕದಷ್ಟಿದ್ದು, ಪ್ರತಿ ತೂಗಿಗೂ ಒಮ್ಮೆ ಮುಂದಕ್ಕೆ, ಒಮ್ಮೆ ಹಿಂದಕ್ಕೆ ತಿರುಗುತ್ತದೆ. ಕುಳಿಯ ಪಕ್ಕಗಳಿಗೂ ನಾಲಿಗೆಗೂ ನಡುವೆ ಅರ್ಧ ಮಿಲಿಮೀಟರಿನ ಸಡಿಲವಿದ್ದರೂ ಈ ಎಳೆದಾಟವು ಅದನ್ನು ದಿನೇ ದಿನೇ ಹಿಗ್ಗಿಸುತ್ತದೆ, ಅಂಟಿನ ಪದರವನ್ನು ಬಿರಿಯಿಸುತ್ತದೆ. ಮಣೆಯ ಮೇಲೆ ಮಕ್ಕಳು ಕುಳಿತಿರುತ್ತಾರೆಂಬುದನ್ನು ನೆನೆದರೆ ಕುಳಿಯ ನಯವು ಕೇವಲ ಅಂದದ ಪ್ರಶ್ನೆಯಲ್ಲವೆಂದು ಮನವರಿಕೆಯಾಗುವುದು.

ಯಂತ್ರದ ರಚನೆ

ದುಂಡು ರಂಧ್ರವನ್ನು ಬೈರಿಗೆಯಿಂದ ಕೊರೆಯಬಹುದು; ಚೌಕ ರಂಧ್ರವನ್ನು ಹೇಗೆ? ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಅಮೆರಿಕದ ಮರದ ಕಾರ್ಖಾನೆಗಳಲ್ಲಿ ಬಳಕೆಗೆ ಬಂದ ಈ ಯಂತ್ರದಲ್ಲಿ ಉತ್ತರವು ಸರಳವಾಗಿದೆ. ನಾಲ್ಕು ಬದಿಯೂ ಅಲಗುಳ್ಳ ಒಂದು ಟೊಳ್ಳಾದ ಚೌಕ ಉಳಿಯೊಳಗೆ ಬೈರಿಗೆಯು ತಿರುಗುತ್ತದೆ. ಬೈರಿಗೆಯು ನಡುವಣ ಮರವನ್ನು ತೆಗೆಯುತ್ತಾ ಮುಂದೆ ಹೋಗುತ್ತದೆ. ತಿರುಗದ ಉಳಿಯು ಹಿಂದಿನಿಂದ ಬಂದು ನಾಲ್ಕು ಮೂಲೆಗಳನ್ನು ಕತ್ತರಿಸುತ್ತದೆ. ಚಕ್ಕೆಗಳು ಬೈರಿಗೆಯ ಸುರುಳಿಯನ್ನೇರಿ ಉಳಿಯ ಪಕ್ಕದಲ್ಲಿರುವ ಉದ್ದನೆಯ ಕಿಂಡಿಯಿಂದ ಹೊರಬೀಳುತ್ತವೆ. ಮೇಲೆ ಅರ್ಧದಿಂದ ಮುಕ್ಕಾಲು ಅಶ್ವಶಕ್ತಿಯ ಮೋಟಾರು, ಪಕ್ಕದಲ್ಲಿ ಒತ್ತುವ ಉದ್ದನೆಯ ಹಿಡಿಕೋಲು, ಕೆಳಗೆ ಮರವನ್ನು ಒರಗಿಸುವ ಫೆನ್ಸ್ ಎಂಬ ಪಟ್ಟಿ, ಮರವು ಉಳಿಯೊಡನೆ ಮೇಲೆದ್ದು ಬಾರದಂತೆ ತಡೆಯುವ ಒತ್ತುಗೈ, ಆಳವನ್ನು ಮಿತಗೊಳಿಸುವ ತಡೆ. ಇಷ್ಟೇ ಯಂತ್ರದ ಅಂಗಗಳು. ಮೂಲೆಗಳನ್ನು ಕತ್ತರಿಸುವ ಬಲವು ಮೋಟಾರಿನಿಂದ ಬರುವುದಿಲ್ಲ, ಕೆಲಸಗಾರನ ತೋಳಿನಿಂದ ಬರುತ್ತದೆ ಎಂಬುದನ್ನು ಹಲವರು ಮರೆಯುತ್ತಾರೆ. ಹಿಡಿಕೋಲು ಅಷ್ಟು ಉದ್ದವಾಗಿರುವುದು ಅದಕ್ಕಾಗಿಯೇ.

ಜೋಡಿಸುವ ಕ್ರಮ

ಬೈರಿಗೆಯ ತುದಿಯು ಉಳಿಯ ಅಲಗಿಗಿಂತ ಸ್ವಲ್ಪ ಮುಂದೆ ಇರತಕ್ಕದ್ದು. ಅವೆರಡೂ ಒಂದನ್ನೊಂದು ತಾಗಿದರೆ ಲೋಹಕ್ಕೆ ಲೋಹ ಉಜ್ಜಿ ಕಾವೇರುತ್ತದೆ, ಉಳಿಯು ನೀಲಿಗಟ್ಟಿ ಹದ ಕಳೆದುಕೊಳ್ಳುತ್ತದೆ, ಕೆಲವೊಮ್ಮೆ ಸೀಳುತ್ತದೆ. ಸಣ್ಣ ಉಳಿಗಳಿಗೆ ಒಂದೂವರೆಯಿಂದ ಎರಡು ಮಿಲಿಮೀಟರ್ ಅಂತರ ಸಾಕು; ದಪ್ಪ ಉಳಿಗಳಿಗೆ ಇನ್ನೂ ತುಸು ಹೆಚ್ಚು ಬೇಕು. ಇದಕ್ಕೆ ಸುಲಭೋಪಾಯವೊಂದುಂಟು. ಉಳಿಯನ್ನು ಅದರ ಗೂಡಿಗೆ ಸೇರಿಸುವಾಗ ಉಳಿಯ ಭುಜಕ್ಕೂ ಗೂಡಿಗೂ ನಡುವೆ ಒಂದು ರೂಪಾಯಿಯ ನಾಣ್ಯವನ್ನಿಟ್ಟು ಬಿಗಿಮಾಡಬೇಕು. ಬೈರಿಗೆಯನ್ನು ಅದರ ತಲೆಯು ಉಳಿಯ ಅಲಗಿಗೆ ತಾಗುವಷ್ಟು ಮೇಲಕ್ಕೆ ದೂಡಿ ಚಕ್‌ನಲ್ಲಿ ಬಿಗಿಯಬೇಕು. ಅನಂತರ ಉಳಿಯನ್ನು ಸಡಿಲಿಸಿ, ನಾಣ್ಯವನ್ನು ತೆಗೆದು, ಉಳಿಯನ್ನು ಪೂರ್ತಿ ಮೇಲಕ್ಕೆ ಸೇರಿಸಿ ಬಿಗಿದರೆ ನಾಣ್ಯದ ದಪ್ಪದಷ್ಟೇ ಅಂತರ ಉಳಿಯುತ್ತದೆ. ಮೋಟಾರನ್ನು ಚಾಲನೆ ಮಾಡುವ ಮುನ್ನ ಚಕ್ಕನ್ನು ಕೈಯಿಂದ ಒಂದು ಸುತ್ತು ತಿರುಗಿಸಿ ನೋಡುವುದು ಉಚಿತ. ಈ ಕೆಲಸ ನಡೆಯುವಾಗ ಯಂತ್ರದ ಪ್ಲಗ್ಗನ್ನು ಕಡ್ಡಾಯವಾಗಿ ಕಿತ್ತಿಟ್ಟಿರಬೇಕು.

ಎರಡನೆಯದಾಗಿ, ಉಳಿಯ ಮುಖವು ಒರಗುಪಟ್ಟಿಗೆ ಸಮಾನಾಂತರವಾಗಿರಬೇಕು. ತುಸು ತಿರುಚಿಕೊಂಡಿದ್ದರೂ ಕುಳಿಯ ಬದಿಯು ಗರಗಸದ ಹಲ್ಲಿನಂತೆ ಮೆಟ್ಟಿಲು ಮೆಟ್ಟಿಲಾಗುತ್ತದೆ. ನಾಲಿಗೆಯು ಆಗ ಆ ಹಲ್ಲುಗಳ ತುದಿಗೆ ಮಾತ್ರ ತಾಗಿ ನಿಲ್ಲುವುದರಿಂದ ನೋಟಕ್ಕೆ ಬಿಗಿಯಾಗಿದ್ದರೂ ಅಂಟು ಹಿಡಿಯುವ ಮೈ ಅತ್ಯಲ್ಪವಾಗಿರುತ್ತದೆ. ಮೂಲೆಮಟ್ಟವನ್ನು ಒರಗುಪಟ್ಟಿಗೂ ಉಳಿಯ ಪಕ್ಕಕ್ಕೂ ಹಿಡಿದು, ಬೆಳಕು ನುಸುಳದಂತೆ ಸರಿಪಡಿಸಿ, ಹಾಳುಮರದ ತುಂಡಿನಲ್ಲಿ ಎರಡು ಮೂರು ಕುಳಿ ತೆಗೆದು ಪರೀಕ್ಷಿಸಬೇಕು. ಈ ಯಂತ್ರದ ಮೇಲಿನ ದೂರುಗಳಲ್ಲಿ ಹೆಚ್ಚಿನವು ಈ ಒಂದು ಹಂತವನ್ನು ಅಲಕ್ಷಿಸಿದುದರ ಫಲವೆಂದೇ ಹೇಳಬಹುದು.

ಕುಳಿ ತೆಗೆಯುವುದು

ನಾಲಿಗೆಯ ದಪ್ಪವು ಅಡ್ಡಪಟ್ಟಿಯ ದಪ್ಪದ ಸುಮಾರು ಮೂರನೆಯ ಒಂದು ಭಾಗವಿರಬೇಕೆಂಬುದು ಬಡಗಿಗಳ ವಾಡಿಕೆ. 30 ಮಿಲಿಮೀಟರ್ ದಪ್ಪದ ಪಟ್ಟಿಗೆ ಒಂಬತ್ತೂವರೆ ಮಿಲಿಮೀಟರಿನ, ಅಂದರೆ ಮೂರು ಸೂತಿನ ಉಳಿ ಒಪ್ಪುತ್ತದೆ. ಉಳಿಯ ಅಗಲವನ್ನು ನಾವು ಬದಲಿಸಲಾರೆವು. ನಾಲಿಗೆಯ ದಪ್ಪವನ್ನು ಬದಲಿಸಬಲ್ಲೆವು. ಆದುದರಿಂದ ಮೊದಲು ಕುಳಿ, ಅನಂತರ ಆ ಕುಳಿಗೆ ತಕ್ಕ ನಾಲಿಗೆ. ಕುಳಿಯ ಆಳವು ನಾಲಿಗೆಯ ಉದ್ದಕ್ಕಿಂತ ಎರಡು ಮೂರು ಮಿಲಿಮೀಟರ್ ಹೆಚ್ಚಿರಲಿ. ಹೆಚ್ಚಾದ ಅಂಟಿಗೆ ಅಲ್ಲಿ ಎಡೆ ದೊರೆಯುತ್ತದೆ.

ಕುಳಿಯನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ಸಾಲಾಗಿ ಕೊರೆಯುತ್ತಾ ಹೋಗುವುದು ಸಹಜವೆಂದು ತೋರುತ್ತದೆ, ಆದರೆ ಅದು ಸರಿಯಲ್ಲ. ಉಳಿಯ ಒಂದು ಪಕ್ಕದಲ್ಲಿ ಮರವಿದ್ದು ಇನ್ನೊಂದು ಪಕ್ಕ ಬರಿದಾಗಿದ್ದರೆ ಉಳಿಯು ಬರಿದಾದ ಕಡೆಗೆ ವಾಲುತ್ತದೆ. ಕುಳಿಯ ಗೋಡೆ ಓರೆಯಾಗುತ್ತದೆ, ತೆಳ್ಳಗಿನ ಉಳಿ ಬಾಗುತ್ತದೆ. ಮೊದಲು ಎರಡು ತುದಿಗಳನ್ನು ಕೊರೆಯಬೇಕು. ಅನಂತರ ನಡುವೆ ಉಳಿಯ ಅಗಲಕ್ಕಿಂತ ಸ್ವಲ್ಪ ಕಡಿಮೆ ಮರವನ್ನು ಬಿಟ್ಟು ಬಿಟ್ಟು ಕೊರೆಯುತ್ತಾ ಸಾಗಿ, ಕೊನೆಗೆ ಆ ಉಳಿದ ದಿಬ್ಬಗಳನ್ನು ತೆಗೆಯಬೇಕು. ಹೀಗೆ ಮಾಡಿದರೆ ಪ್ರತಿ ಸಲವೂ ಉಳಿಗೆ ಎದುರುಬದುರಾಗಿ ಸಮಾನವಾದ ಆಸರೆ ಇರುತ್ತದೆ. ಉಳಿಯ ಕಿಂಡಿಯು ಕುಳಿಯ ಉದ್ದದ ದಿಕ್ಕಿಗೆ, ಎಡಕ್ಕೋ ಬಲಕ್ಕೋ ತಿರುಗಿರಲಿ.

ಒಂದೇ ಉಸಿರಿಗೆ ಪೂರ್ಣ ಆಳಕ್ಕೆ ಒತ್ತಬಾರದು. ಸ್ವಲ್ಪ ಇಳಿಸಿ, ಮೇಲೆತ್ತಿ, ಚಕ್ಕೆ ಹೊರಬಿದ್ದ ಮೇಲೆ ಮತ್ತೆ ಇಳಿಸಬೇಕು. ತೇಗದಲ್ಲಿ ಎಣ್ಣೆಯ ಅಂಶದೊಡನೆ ಮರಳಿನ ಜಾತಿಯ ಸಿಲಿಕಾ ಕಣಗಳೂ ಇರುವುದರಿಂದ ಅಲಗು ಬೇಗನೆ ಮೊಂಡಾಗುತ್ತದೆ. ಸುಟ್ಟ ವಾಸನೆ ಬಂದರೆ ಅಥವಾ ಹೊಗೆ ಕಂಡರೆ ಒತ್ತಡವನ್ನು ಹೆಚ್ಚಿಸದೆ ಕೂಡಲೇ ನಿಲ್ಲಿಸುವುದು ಲೇಸು. ಕಾಲಿನ ತುದಿಗೆ ತೀರ ಸಮೀಪದಲ್ಲಿ ಕುಳಿ ಬರುವುದಾದರೆ, ಮರವನ್ನು 20 ಮಿಲಿಮೀಟರಿನಷ್ಟು ಉದ್ದವಾಗಿಯೇ ಉಳಿಸಿಕೊಂಡು ಜೋಡಣೆಯ ನಂತರ ಕತ್ತರಿಸಿದರೆ ತುದಿ ಸೀಳುವುದಿಲ್ಲ. ಆರುಪಾರು ಕುಳಿಯನ್ನು ಎರಡು ಕಡೆಯಿಂದಲೂ ಅರ್ಧರ್ಧ ಕೊರೆಯಬೇಕು. ಮರವನ್ನು ಮಗುಚುವಾಗ ಮೊದಲು ಒರಗಿದ್ದ ಮುಖವೇ ಮತ್ತೆ ಒರಗುಪಟ್ಟಿಗೆ ತಾಗಿರುವಂತೆ ತುದಿ ಬದಲಿಸಿ ಮಗುಚಬೇಕು. ಇಲ್ಲವಾದರೆ ಎರಡು ಅರ್ಧಗಳೂ ಕೂಡುವುದಿಲ್ಲ.

ನಾಲಿಗೆಯು ಕೈಯ ಒತ್ತಿಗೆ, ಹೆಚ್ಚೆಂದರೆ ಕೊಡತಿಯ ಒಂದೆರಡು ಮೆಲುಪೆಟ್ಟಿಗೆ ಒಳಸೇರಬೇಕು. ಬಲವಾಗಿ ಬಡಿದರೆ ಕುಳಿಯ ಪಕ್ಕ ಸೀಳುತ್ತದೆ. ತಲೆಕೆಳಗೆ ಹಿಡಿದಾಗ ತಾನಾಗಿ ಕಳಚಿ ಬೀಳುವಂತಿದ್ದರೆ ಅದು ಕೆಲಸಕ್ಕೆ ಬಾರದು. ತೇಗದ ಎಣ್ಣೆಯು ಅಂಟನ್ನು ತಡೆಯುವುದರಿಂದ ಹೊಸದಾಗಿ ಕತ್ತರಿಸಿದ ಮೈಗೆ ಅಂದೇ ಅಂಟು ಹಚ್ಚುವುದು ಒಳ್ಳೆಯದು. ತೂಗುಮಣೆಯ ನಿಲುವಿನಂತಹ ಕೆಲಸದಲ್ಲಿ ಅಂಟನ್ನಷ್ಟೇ ನಂಬದೆ, ಸಂದಿಗೆ ಅಡ್ಡಲಾಗಿ ಗಟ್ಟಿಮರದ ಗೂಟವನ್ನೂ ಹೊಡೆಯಬೇಕು.

ಋತುಮಾನವನ್ನೂ ಇಲ್ಲಿ ಪರಿಗಣಿಸಬೇಕು. ಮೇ ತಿಂಗಳಿನಲ್ಲಿ ಅಹಮದಾಬಾದಿನ ಉಷ್ಣತೆ 40 ಡಿಗ್ರಿಯನ್ನು ಮೀರಿ ಗಾಳಿ ಒಣಗಿರುತ್ತದೆ. ಕರಾವಳಿಗೆ ಸಮೀಪದ ಸೂರತ್ತಿನಲ್ಲಿ ಮಳೆಗಾಲದ ಗಾಳಿ ತೇವದಿಂದ ತುಂಬಿರುತ್ತದೆ. ಮರವು ಉದ್ದದಲ್ಲಿ ಬಹುತೇಕ ಬದಲಾಗದಿದ್ದರೂ ಅಗಲದಲ್ಲಿ ಹಿಗ್ಗಿ ಕುಗ್ಗುತ್ತದೆ. ಮಳೆಗಾಲದಲ್ಲಿ ತೇವ ಹೀರಿದ ಹಲಗೆಯಿಂದ ಬಿಗಿಯಾಗಿ ಕೂರಿಸಿದ ನಾಲಿಗೆಯು ಬೇಸಗೆಯಲ್ಲಿ ಸಡಿಲಗೊಳ್ಳುವುದು ಇದರಿಂದಲೇ. ವಸ್ತುವು ಯಾವ ಮನೆಯಲ್ಲಿರುವುದೋ ಆ ಮನೆಯಲ್ಲಿಯೇ ಮರವನ್ನು ಕೆಲವು ವಾರ ಇರಿಸಿ ಹದಗೊಂಡ ನಂತರ ಕೆಲಸ ಆರಂಭಿಸುವುದು ಸೂಕ್ತ. ಮಂಗಳೂರಿನಲ್ಲಿ ಮಾಡಿದ ಕುರ್ಚಿಯನ್ನು ಕಲಬುರಗಿಗೆ ಸಾಗಿಸುವವರಿಗೂ ಇದು ಅನ್ವಯಿಸುತ್ತದೆ.

ಎಚ್ಚರಿಕೆ ಮತ್ತು ಪಾಲನೆ

ಚಕ್ಕೆಗಳನ್ನು ಬೆರಳಿನಿಂದ ತೆಗೆಯಬಾರದು, ಕುಂಚದಿಂದ ಸರಿಸಬೇಕು. ಕೆಲಸ ಮುಗಿದೊಡನೆ ಉಳಿಯನ್ನು ಮುಟ್ಟಿದರೆ ಕೈ ಸುಡುತ್ತದೆ. ಸಡಿಲ ತೋಳಿನ ಅಂಗಿ, ಇಳಿಬಿಟ್ಟ ದುಪಟ್ಟ ಅಥವಾ ಸೆರಗು ಯಂತ್ರದ ಬಳಿ ಸಲ್ಲದು. ಕೈಗವಸೂ ಸಲ್ಲದು, ಏಕೆಂದರೆ ಅದರ ನೂಲು ತಿರುಗುವ ಚಕ್ಕಿಗೆ ಸಿಕ್ಕಿ ಬೆರಳನ್ನು ಎಳೆಯುತ್ತದೆ. ಕಣ್ಣಿಗೆ ರಕ್ಷಣಾ ಕನ್ನಡಕ ಇರಲಿ. ಭೂಸಂಪರ್ಕವಿರುವ ಮೂರು ಪಿನ್ನಿನ ಸಾಕೆಟ್ಟನ್ನೇ ಬಳಸಬೇಕು. ಮರದ ಧೂಳನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 1995ರಲ್ಲಿ ಮಾನವರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುಗಳ ವರ್ಗಕ್ಕೆ ಸೇರಿಸಿದೆ. ಈ ಯಂತ್ರವು ಧೂಳಿಗಿಂತ ಚಕ್ಕೆಯನ್ನೇ ಹೆಚ್ಚಾಗಿ ಉದುರಿಸುತ್ತದೆಯಾದರೂ, ಬಾಗಿಲು ಮುಚ್ಚಿದ ಕೋಣೆಯಲ್ಲಿ ಮುಖಗವಸಿಲ್ಲದೆ ದಿನವಿಡೀ ದುಡಿಯುವುದು ಹಿತವಲ್ಲ.

ಉಳಿಯನ್ನು ಹರಿತಗೊಳಿಸುವಾಗ ಒಳಗಿನ ಇಳಿಜಾರನ್ನು ಶಂಕುವಿನಾಕಾರದ ಸಾಣೆಯಿಂದ ಮಸೆಯಬೇಕು. ಹೊರಮೈಯನ್ನು ನುಣುಪಾದ ಕಲ್ಲಿನ ಮೇಲೆ ಚಪ್ಪಟೆಯಾಗಿಟ್ಟು ಮೂರು ನಾಲ್ಕು ಸಲ ಎಳೆದರೆ ಸಾಕು. ಹೊರಮೈಯನ್ನು ಹೆಚ್ಚು ಸವೆಸಿದರೆ ಉಳಿಯ ಅಳತೆಯೇ ಕಡಿಮೆಯಾಗುತ್ತದೆ. ಬೈರಿಗೆಯ ಅಲಗಿಗೆ ಸಣ್ಣ ಅರವನ್ನು ಒಳಬದಿಯಿಂದಲೇ ಆಡಿಸಬೇಕು. ಮಳೆಗಾಲದಲ್ಲಿ, ವಿಶೇಷವಾಗಿ ಸಮುದ್ರಕ್ಕೆ ಸಮೀಪದ ಊರುಗಳಲ್ಲಿ, ಉಳಿಯನ್ನೂ ಬೈರಿಗೆಯನ್ನೂ ಬೇರ್ಪಡಿಸಿ, ಒಳಗಿನ ಹೊಟ್ಟನ್ನು ತೆಗೆದು, ತೆಳ್ಳಗೆ ಎಣ್ಣೆ ಸವರಿ ಇಡಬೇಕು. ಮರದ ಹೊಟ್ಟು ತೇವವನ್ನು ಹಿಡಿದಿಟ್ಟು ಒಂದೇ ವಾರದಲ್ಲಿ ಉಳಿಯ ಒಳಗೋಡೆಗೆ ತುಕ್ಕು ಹಿಡಿಸಬಲ್ಲುದು.