ಗಣಕಯಂತ್ರವು ‘ಇಲ್ಲ’ವೆಂದಾಗ: ಹೆಡರ್ ಕಡತಗಳ ಶೋಧನೆ



ನಮ್ಮ ಕಾಸರಗೋಡು ಸೀಮೆಯ ಎಷ್ಟೋ ಮನೆಗಳ ಅಟ್ಟಗಳಲ್ಲಿಯೂ ಶಾಲೆಗಳ ಕಪಾಟುಗಳಲ್ಲಿಯೂ ಹಳೆಯ ಕನ್ನಡ ಪುಸ್ತಕಗಳು, ವಾರ್ಷಿಕ ಸಂಚಿಕೆಗಳು ಇವೆ. ಮಂಜೇಶ್ವರದ ರಾಷ್ಟ್ರಕವಿ ಗೋವಿಂದ ಪೈಗಳು (1883–1963) ಬಾಳಿ ಬರೆದ ನೆಲವಿದು. ಇಲ್ಲಿಯ ಮಳೆಗಾಲದ ತೇವವೂ ಗೆದ್ದಲೂ ಕಾಗದಕ್ಕೆ ನಿತ್ಯಶತ್ರುಗಳು. ಅಂತಹ ಪುಟಗಳ ಛಾಯಾಚಿತ್ರಗಳನ್ನು ತೆಗೆದಿಟ್ಟರೆ ಅವು ಉಳಿಯುವುವು, ನಿಜ. ಆದರೆ ಗಣಕಯಂತ್ರಕ್ಕೆ ಅದು ಬರಿಯ ಚಿತ್ರವೇ ಹೊರತು ಅಕ್ಷರವಲ್ಲ. ಚಿತ್ರದೊಳಗಿನ ಅಕ್ಷರಗಳನ್ನು ಗುರುತಿಸಿ ಪಠ್ಯವನ್ನಾಗಿ ಮಾಡುವ ತಂತ್ರಾಂಶಗಳಲ್ಲಿ ಟೆಸರಾಕ್ಟ್ ಎಂಬುದು ಪ್ರಸಿದ್ಧವಾದುದು. ಹ್ಯೂಲೆಟ್ ಪ್ಯಾಕರ್ಡ್ ಸಂಸ್ಥೆಯಲ್ಲಿ 1980ರ ದಶಕದಲ್ಲಿ ಹುಟ್ಟಿದ ಇದರ ಮೂಲ ಸಂಕೇತವು 2005ರಲ್ಲಿ ಸರ್ವರಿಗೂ ಮುಕ್ತವಾಯಿತು. ಇಂದು ಅದು ಕನ್ನಡವನ್ನೂ ಓದಬಲ್ಲುದು.

ಕೇರಳದ ಶಾಲೆಗಳಿಗೆ ಕೈಟ್ ಸಂಸ್ಥೆಯು ಒದಗಿಸುವ ಗಣಕ ವ್ಯವಸ್ಥೆಯು ಉಬುಂಟುವನ್ನು ಆಧರಿಸಿದ ಮುಕ್ತ ತಂತ್ರಾಂಶವಾಗಿದೆ. ಉಬುಂಟುವಿನಲ್ಲಿ ಟೆಸರಾಕ್ಟ್ ಸಿದ್ಧರೂಪದಲ್ಲಿಯೇ ದೊರೆಯುವುದು. ಆದರೆ ಹೊಸ ಆವೃತ್ತಿ ಬೇಕಾದಾಗ, ಅಥವಾ ಅದರ ಒಳಗನ್ನು ತಿದ್ದಿ ನೋಡುವ ಕುತೂಹಲ ಹುಟ್ಟಿದಾಗ, ಮೂಲ ಸಂಕೇತದಿಂದಲೇ ಅದನ್ನು ಕಟ್ಟಿಕೊಳ್ಳಬೇಕಾಗುತ್ತದೆ. ಈ ಕಾರ್ಯದಲ್ಲಿ ಮೊದಲ ಹೆಜ್ಜೆಯಲ್ಲಿಯೇ ಅನೇಕರು ಎಡವುವರು. ಆ ಹೆಜ್ಜೆಯ ವಿಚಾರವೇ ಈ ಪಾಠ.

ಸಮಾರಂಭದ ಅಡುಗೆಗೆ ಒಲೆ ಹೊತ್ತಿಸುವ ಮೊದಲು ಅಡುಗೆಯ ಭಟ್ಟರು ಉಗ್ರಾಣಕ್ಕೆ ಹೋಗಿ, ಬೇಕಾದ ಸಾಮಾನುಗಳೆಲ್ಲ ಇವೆಯೇ ಎಂದು ನೋಡುವರಷ್ಟೆ. ತಂತ್ರಾಂಶವನ್ನು ಕಟ್ಟುವಾಗ ಈ ಕೆಲಸವನ್ನು ‘ಕಾನ್ಫಿಗರ್’ ಎಂಬ ಆಜ್ಞಾವಳಿಯು ಮಾಡುತ್ತದೆ. ಇಂತಹ ಆಜ್ಞಾವಳಿಗಳನ್ನು ತಾನಾಗಿ ರಚಿಸಿಕೊಡುವ ಆಟೋಕಾನ್ಫ್ ಎಂಬ ಸಾಧನವನ್ನು 1991ರಲ್ಲಿ ಡೇವಿಡ್ ಮೆಕೆಂಜಿ ಎಂಬವರು ಆರಂಭಿಸಿದರು. ಟೆಸರಾಕ್ಟಿಗೆ ಚಿತ್ರಸಂಸ್ಕರಣಕ್ಕಾಗಿ ಲೆಪ್ಟೋನಿಕ ಎಂಬ ಇನ್ನೊಂದು ತಂತ್ರಾಂಶ ಭಂಡಾರವು ಅವಶ್ಯವಾಗಿ ಬೇಕು. ಅದು ಕಾಣದಿದ್ದರೆ, ಲೆಪ್ಟೋನಿಕದ 1.74 ಅಥವಾ ಮೇಲಿನ ಆವೃತ್ತಿ ಬೇಕೆಂದು ತಿಳಿಸಿ ಕಾನ್ಫಿಗರ್ ನಿಂತುಬಿಡುತ್ತದೆ. ‘ಲೆಪ್ಟೋನಿಕ ನನ್ನ ಯಂತ್ರದಲ್ಲಿ ಇದೆಯಲ್ಲ!’ ಎಂದು ವಿದ್ಯಾರ್ಥಿಯು ಬೆರಗಾಗುವನು. ಇಬ್ಬರ ಮಾತೂ ನಿಜವಾಗಿರಬಹುದು. ಅದು ಹೇಗೆ?

ಒಂದು ಭಂಡಾರಕ್ಕೆ ಎರಡು ಭಾಗಗಳುಂಟು. ಕೆಲಸ ಮಾಡುವ ಯಂತ್ರಸಂಕೇತವು ಒಂದು. ಅದರಲ್ಲಿ ಯಾವ ಯಾವ ಕ್ರಿಯೆಗಳಿವೆ, ಅವುಗಳನ್ನು ಹೇಗೆ ಕರೆಯಬೇಕು ಎಂದು ತಿಳಿಸುವ ಹೆಡರ್ ಕಡತಗಳು ಇನ್ನೊಂದು. ಸಿದ್ಧ ತಂತ್ರಾಂಶವನ್ನು ಓಡಿಸಲು ಮೊದಲನೆಯದು ಸಾಕು. ಹೊಸದನ್ನು ಕಟ್ಟಲು ಎರಡೂ ಬೇಕು. ಡೆಬಿಯನ್, ಉಬುಂಟು ವ್ಯವಸ್ಥೆಗಳಲ್ಲಿ ಹೆಡರ್ ಕಡತಗಳನ್ನು ‘ಡೆವ್’ ಎಂಬ ಕೊನೆಯುಳ್ಳ ಪ್ರತ್ಯೇಕ ಪೊಟ್ಟಣದಲ್ಲಿಯೂ, ಫೆಡೋರಾದಲ್ಲಿ ‘ಡೆವೆಲ್’ ಎಂಬ ಕೊನೆಯುಳ್ಳದರಲ್ಲಿಯೂ ಇಡುವರು. ಪುಸ್ತಕಗಳಿದ್ದೂ ಸೂಚೀಪತ್ರವಿಲ್ಲದ ಗ್ರಂಥಾಲಯದಂತೆ, ಭಂಡಾರವಿದ್ದೂ ಹೆಡರ್ ಇಲ್ಲದಿರುವುದು ಸಾಧ್ಯ. ಬಹುಪಾಲು ತೊಡಕುಗಳಿಗೆ ಇದೇ ಕಾರಣ. ‘ಡೆವ್’ ಪೊಟ್ಟಣವನ್ನು ಸ್ಥಾಪಿಸಿದೊಡನೆ ಅವು ನೀಗುವುವು.

ಅಷ್ಟರಿಂದಲೂ ನೀಗದಿದ್ದರೆ, ಕಾನ್ಫಿಗರ್ ಹೇಗೆ ಪರೀಕ್ಷಿಸುತ್ತದೆ ಎಂಬುದನ್ನು ಅರಿಯಬೇಕು. ಸಾಮಾನ್ಯವಾಗಿ ಅದು ಹೆಡರ್ ಕಡತದ ಹೆಸರನ್ನು ಸೇರಿಸಿದ ಪುಟ್ಟದೊಂದು ಸಿ ಭಾಷೆಯ ಕ್ರಮವಿಧಿಯನ್ನು ತಾನೇ ಬರೆದು, ಸಂಕಲಕಕ್ಕೆ ಕೊಡುತ್ತದೆ. ಸಂಕಲನವಾದರೆ ‘ಇದೆ’, ಆಗದಿದ್ದರೆ ‘ಇಲ್ಲ’. ಕೆಲವು ಭಂಡಾರಗಳ ವಿಷಯದಲ್ಲಿ ಪಿಕೆಜಿ-ಕಾನ್ಫಿಗ್ ಎಂಬ ಸಹಾಯಕನನ್ನು ವಿಚಾರಿಸುತ್ತದೆ. ಟೆಸರಾಕ್ಟಿನ 4ನೆಯ ಆವೃತ್ತಿಯಿಂದೀಚೆಗೆ ಲೆಪ್ಟೋನಿಕವನ್ನು ಹುಡುಕುವುದು ಈ ಮಾರ್ಗದಿಂದಲೇ. ಆದುದರಿಂದ ‘ಇಲ್ಲ’ ಎಂಬುದಕ್ಕೆ ‘ಕಡತವೇ ಇಲ್ಲ’ವೆಂದು ಅರ್ಥವಲ್ಲ, ‘ನನ್ನ ಪರೀಕ್ಷೆಯು ಸಫಲವಾಗಲಿಲ್ಲ’ ಎಂದಷ್ಟೇ ಅರ್ಥ. ಈ ಭೇದವನ್ನು ತಿಳಿದವನಿಗೆ ಅರ್ಧ ಕೆಲಸ ಮುಗಿದಂತೆಯೇ.

ಪರೀಕ್ಷೆ ಏಕೆ ಸೋತಿತೆಂಬುದನ್ನು ಕಾನ್ಫಿಗರ್ ಗುಟ್ಟು ಮಾಡುವುದಿಲ್ಲ. ‘ಕಾನ್ಫಿಗ್ ಡಾಟ್ ಲಾಗ್’ ಎಂಬ ದಿನಚರಿಯಲ್ಲಿ ತಾನು ಬರೆದ ಪುಟ್ಟ ಕ್ರಮವಿಧಿ, ಕೊಟ್ಟ ಆಜ್ಞೆ, ಸಂಕಲಕದ ಉತ್ತರ ಎಲ್ಲವನ್ನೂ ಬರೆದಿಡುತ್ತದೆ. ದಿನಚರಿಯ ಕೊನೆಯಲ್ಲಿ ಚರಾಂಶಗಳ ಉದ್ದ ಪಟ್ಟಿಯಿರುವುದರಿಂದ ಕೊನೆಯ ಸಾಲುಗಳನ್ನಷ್ಟೇ ನೋಡಿದರೆ ಫಲವಿಲ್ಲ. ಹೆಡರಿನ ಅಥವಾ ಭಂಡಾರದ ಹೆಸರನ್ನು ಹುಡುಕಿ, ಅದರ ಕೆಳಗೆ ಮೊದಲು ಕಾಣುವ ದೋಷವಾಕ್ಯವನ್ನು ಓದತಕ್ಕದ್ದು.

ಅಲ್ಲಿ ಕಾಣಬಹುದಾದ ಕಾರಣಗಳು ಮುಖ್ಯವಾಗಿ ನಾಲ್ಕು.

ಒಂದನೆಯದು, ಕಡತವು ಸಿಗಲಿಲ್ಲವೆಂಬುದು. ‘ಡೆವ್’ ಪೊಟ್ಟಣವಿದ್ದೂ ಹೀಗಾದರೆ, ಕಡತವು ಸಂಕಲಕನು ಹುಡುಕದ ಸ್ಥಳದಲ್ಲಿದೆಯೆಂದು ತಿಳಿಯಬೇಕು. ಆಗ ಸಿಪಿಪಿಫ್ಲ್ಯಾಗ್ಸ್ ಎಂಬ ಚರಾಂಶದ ಮೂಲಕ ದಾರಿಯನ್ನು ತೋರಿಸಬೇಕು. ಪಿಕೆಜಿ-ಕಾನ್ಫಿಗ್‌ಗೆ ಅದರದೇ ಪಾತ್ ಎಂಬ ಚರಾಂಶವುಂಟು.

ಎರಡನೆಯದು, ಹೆಡರ್ ಸಿಕ್ಕಿದರೂ ಅದು ಅಪೇಕ್ಷಿಸುವ ಬೇರೊಂದು ಹೆಡರ್ ಇಲ್ಲದಿರುವುದು. ಆಗ ಕೊರತೆಯಿರುವುದು ನಾವು ಶಂಕಿಸಿದ ಕಡತದ್ದಲ್ಲ, ಅದರ ನೆರೆಯದ್ದು.

ಮೂರನೆಯದು, ಆವೃತ್ತಿ ಹಳೆಯದಾಗಿರುವುದು. ಅಥವಾ ಹಳೆಯದೂ ಹೊಸದೂ ಎರಡೂ ಇದ್ದು ಹಳೆಯದೇ ಮೊದಲು ಕಣ್ಣಿಗೆ ಬೀಳುವುದು.

ನಾಲ್ಕನೆಯದು, ಸಂಕಲಕವೇ ಸರಿಯಾಗಿ ಸ್ಥಾಪಿತವಾಗದಿರುವುದು. ಆಗ ಎಲ್ಲ ಹೆಡರುಗಳಿಗೂ ‘ಇಲ್ಲ’ವೆಂಬ ಉತ್ತರವೇ ಬರಬಹುದು.

ಕೊರತೆಯನ್ನು ನೀಗಿಸಿದ ಮೇಲೆ ಕಾನ್ಫಿಗರನ್ನು ಪುನಃ ನಡೆಸಬೇಕು. ಹಿಂದಿನ ಫಲಗಳನ್ನು ನೆನಪಿಡುವ ‘ಕಾನ್ಫಿಗ್ ಡಾಟ್ ಕ್ಯಾಶ್’ ಕಡತವಿದ್ದರೆ ಮೊದಲು ಅದನ್ನು ಅಳಿಸಬೇಕು. ಇಲ್ಲವಾದರೆ ನಿನ್ನೆಯ ಉತ್ತರವೇ ಇಂದೂ ಬರುವುದು.

ಇನ್ನು ಮಾಡಬಾರದ ಕಾರ್ಯವೊಂದುಂಟು. ಬೇರೆ ಯಂತ್ರದಿಂದ ಹೆಡರ್ ಕಡತವೊಂದನ್ನೇ ತಂದಿಡುವುದು, ಅಥವಾ ಪರೀಕ್ಷೆಗೆ ‘ಇದೆ’ ಎಂಬ ಸುಳ್ಳುತ್ತರವನ್ನು ಬಲವಂತವಾಗಿ ಕೊಡಿಸುವುದು ಯುಕ್ತವಲ್ಲ. ಹೆಡರ್ ಒಂದು ಆವೃತ್ತಿಯದೂ ಭಂಡಾರ ಇನ್ನೊಂದರದೂ ಆದರೆ ತಂತ್ರಾಂಶವು ಕಟ್ಟಿದಂತೆ ತೋರಿ, ಮುಂದೆ ಓಡುವಾಗ ಮುರಿದು ಬೀಳುವುದು. ಆಗ ದೋಷದ ಮೂಲವನ್ನು ಹುಡುಕುವುದು ಹತ್ತು ಪಾಲು ಕಷ್ಟ.

ಶಾಲೆಯ ಯಂತ್ರದಲ್ಲಿ ಈ ಅಭ್ಯಾಸವನ್ನು ಅಧ್ಯಾಪಕರ ಅನುಮತಿ ಪಡೆದೇ ಮಾಡತಕ್ಕದ್ದು. ತಂದೆತಾಯಂದಿರಲ್ಲಿಯೂ ಒಂದು ವಿಜ್ಞಾಪನೆ: ಮಕ್ಕಳು ಪರದೆಯ ಮೇಲಿನ ದೋಷವಾಕ್ಯಗಳನ್ನು ನೋಡುತ್ತ ಗಂಟೆಗಟ್ಟಲೆ ಕುಳಿತರೆ ಅದನ್ನು ಕಾಲಹರಣವೆಂದು ಎಣಿಸದಿರಿ, ಏನನ್ನು ಓದುತ್ತಿರುವೆ ಎಂದು ಕೇಳಿರಿ. ಯಂತ್ರದ ಒಂದು ‘ಇಲ್ಲ’ಕ್ಕೆ ಅಂಜಿ ಕೈಬಿಟ್ಟರೆ, ನಮ್ಮ ಅಟ್ಟದ ಪುಟಗಳನ್ನು ಓದುವ ಸಾಧನವನ್ನು ಬೇರೆಯವರು ಯಾವಾಗಲಾದರೂ ಮಾಡಿಕೊಡಲೆಂದು ಕಾಯಬೇಕಾಗುವುದು. ಗೆದ್ದಲು ಅಷ್ಟು ಕಾಲ ಕಾಯದು. ಕಾರಣವನ್ನು ಓದಿ ತಿಳಿಯುವ ಮಕ್ಕಳಿದ್ದರೆ ಕಾಯುವ ಅಗತ್ಯವೂ ಇಲ್ಲ.