ಕಸದ ಅನುದಾನ ಬಂತು, ಕಸ ಎಸೆಯೋರನ್ನು ತಡೆಯೋರು ಯಾರು?

ಕಾಲುವೆಯ ಕೊನೆ ಭಾಗದಲ್ಲಿ ಹೊಲ ಇದ್ದವರಿಗೆ ಗೊತ್ತಿರುವ ಮಾತು: ನೀರಿಗಿಂತ ಮೊದಲು ಕಸ ಬರುತ್ತದೆ. ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಿಟ್ಟಾಗ ದಢೇಸುಗೂರು ಕಡೆಯ ನನ್ನ ಹೊಲದ ತೂಬಿಗೆ ಸಿಕ್ಕಿಕೊಳ್ಳುವುದು ಪ್ಲಾಸ್ಟಿಕ್ ಕೈಚೀಲ, ಗುಟ್ಕಾ ಚೀಟಿ, ಎಣ್ಣೆ ಹೊಡೆದು ಬಿಸಾಕಿದ ಡಬ್ಬಿ. ಸಾವಯವ ಬೇಸಾಯ ಮಾಡುವ ನನಗೆ ಆ ಡಬ್ಬಿ ಸಣ್ಣ ವಿಷಯ ಅಲ್ಲ. ದೃಢೀಕರಣಕ್ಕೆ ಬಂದವರು ಮೊದಲು ಕೇಳೋದೇ ನೀರು ಎಲ್ಲಿಂದ ಬರುತ್ತೆ ಅಂತ. ಅದಕ್ಕೇ ಈ ವಾರ ಬೆಳೆ ಬಿಟ್ಟು ಪಂಚಾಯಿತಿ ರೊಕ್ಕದ ಲೆಕ್ಕ ನೋಡೋಣ.

ಸ್ವಚ್ಛ ಭಾರತ್ ಮಿಷನ್ (ಗ್ರಾಮೀಣ) ಎರಡನೇ ಹಂತ 2020-21ರಲ್ಲಿ ಶುರುವಾಯಿತು. 5,000ದವರೆಗೆ ಜನಸಂಖ್ಯೆ ಇರುವ ಊರಿಗೆ ಘನತ್ಯಾಜ್ಯಕ್ಕೆ ತಲೆಗೆ 60 ರೂಪಾಯಿ, ಅದಕ್ಕಿಂತ ದೊಡ್ಡ ಊರಿಗೆ ತಲೆಗೆ 45 ರೂಪಾಯಿ ಮಿತಿ. ಇದರಲ್ಲಿ ಶೇ 30 ಭಾಗವನ್ನು ಪಂಚಾಯಿತಿ 15ನೇ ಹಣಕಾಸು ಆಯೋಗದ ಅನುದಾನದಿಂದ ಹಾಕಬೇಕಿತ್ತು. ಉಳಿದದ್ದನ್ನು ಕೇಂದ್ರ ಮತ್ತು ರಾಜ್ಯ 60:40ರಂತೆ ಹಂಚಿಕೊಳ್ಳುತ್ತಿದ್ದವು. 4,000 ಜನರ ಊರು ಅಂದ್ಕೊಳ್ರಿ. ಒಟ್ಟು 2,40,000 ರೂಪಾಯಿ. ಪಂಚಾಯಿತಿ ಪಾಲು 72,000, ಕೇಂದ್ರದ್ದು 1,00,800, ರಾಜ್ಯದ್ದು 67,200. ಇದು ವರ್ಷ ವರ್ಷ ಬರುವ ರೊಕ್ಕ ಅಲ್ಲ, ಇಡೀ ಹಂತಕ್ಕೆ ಒಂದೇ ಸಲ.

ಈ ರೊಕ್ಕದಲ್ಲಿ ಶೆಡ್ ಕಟ್ಟಬಹುದು, ಗಾಡಿ ಕೊಳ್ಳಬಹುದು. ನಮ್ಮ ರಾಜ್ಯದ ಹಳ್ಳಿಗಳಲ್ಲಿ ಕಾಣುವ ‘ಸ್ವಚ್ಛ ಸಂಕೀರ್ಣ’ ಘಟಕ, ಸ್ತ್ರೀ ಸ್ವಸಹಾಯ ಸಂಘದವರು ಓಡಿಸುವ ‘ಸ್ವಚ್ಛ ವಾಹಿನಿ’ ಗಾಡಿ ಇಂಥವೇ. ಆದರೆ ಕಾಲುವೆ ದಂಡೆಗೆ ಕಸ ಸುರಿದವನನ್ನು ಹಿಡಿದು ರಸೀದಿ ಹರಿಯೋದು ದಿನದ ಕೆಲಸ. ಗಾಡಿಗೆ ಡೀಸೆಲ್, ಓಡಿಸುವ ಹೆಣ್ಣುಮಗಳಿಗೆ ಸಂಬಳ, ದಂಡ ಹಾಕಲು ಒಬ್ಬ ಮನುಷ್ಯ, ಇವಕ್ಕೆ ಪ್ರತಿ ತಿಂಗಳೂ ಬೇಕು. ನನ್ನ ಪ್ರಕಾರ ಯೋಜನೆ ಎಡವೋದು ಇಲ್ಲೇ. ಕಟ್ಟಡಕ್ಕೆ ರೊಕ್ಕ ಸಿಗುತ್ತೆ, ಕಾವಲಿಗೆ ಸಿಗೋದಿಲ್ಲ.

ದಾರಿ ಇಲ್ಲ ಅಂತಲ್ಲ. 2021-26ರ ಅವಧಿಗೆ 15ನೇ ಹಣಕಾಸು ಆಯೋಗ ಪಂಚಾಯಿತಿಗಳಿಗೆ ಹೇಳಿದ ಅನುದಾನದಲ್ಲಿ ಶೇ 60 ನಿರ್ಬಂಧಿತವಾಗಿತ್ತು. ಅದರಲ್ಲಿ ಅರ್ಧ ನೈರ್ಮಲ್ಯಕ್ಕೆ, ಅರ್ಧ ಕುಡಿಯುವ ನೀರಿಗೆ. ನಿರ್ವಹಣೆಯ ಖರ್ಚನ್ನು ನೈರ್ಮಲ್ಯದ ಪಾಲಿನಿಂದ ತೆಗೆಯಬಹುದಿತ್ತು. ಎರಡನೇ ದಾರಿ ಮನೆ, ಅಂಗಡಿಗಳಿಂದ ತಿಂಗಳ ಶುಲ್ಕ. ಮೂರನೇದು ದಂಡ. ಆದರೆ ಶುಲ್ಕಕ್ಕೂ ದಂಡಕ್ಕೂ ಪಂಚಾಯಿತಿಯ ಉಪವಿಧಿ, ಅಂದರೆ ಬೈಲಾ, ಇರಲೇಬೇಕು. ಅದಿಲ್ಲದೆ ಪಿಡಿಒ ದಂಡ ಹಾಕಿದರೆ ಕೊಡೋದಿಲ್ಲ ಅಂತ ಜಗಳಕ್ಕೆ ನಿಲ್ಲೋರಿಗೆ ಒಂದು ನೆಪ ಸಿಕ್ಕಂಗೆ.

ಕಾನೂನಿನ ಬಲ ಕಡಿಮೆ ಏನಿಲ್ಲ. 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ರಸ್ತೆ, ಚರಂಡಿ, ನೀರಿನ ಮೂಲಗಳಲ್ಲಿ ಕಸ ಎಸೆಯುವುದು, ಸುಡುವುದು, ಹೂಳುವುದು ಕೂಡದು ಎಂದವು. ಅದೇ ವರ್ಷ ಡಿಸೆಂಬರ್ 22ರಂದು, ಬೆಂಗಳೂರಿನ ಅಲ್ಮಿತ್ರಾ ಪಟೇಲ್ ಅವರ ಪ್ರಕರಣದಲ್ಲಿ, ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಬಯಲಲ್ಲಿ ಕಸ ಸುಟ್ಟರೆ 5,000 ರೂಪಾಯಿ, ರಾಶಿಗಟ್ಟಲೆ ಸುಟ್ಟರೆ 25,000 ರೂಪಾಯಿ ದಂಡ ಎಂದು ಆದೇಶಿಸಿತು.

ಈಗ ರೈತರ ಪಾಲಿನ ಮಾತು. ಕಾಲುವೆಯಲ್ಲಿ ತೇಲುವ ಡಬ್ಬಿ ಪೇಟೆಯವರದ್ದಲ್ಲ, ನಮ್ಮದೇ. ಅದೇ 2016ರ ನಿಯಮಗಳು ಕೀಟನಾಶಕದ ಡಬ್ಬಿಯನ್ನು ಅಪಾಯಕಾರಿ ಮನೆ ತ್ಯಾಜ್ಯದ ಪಟ್ಟಿಯಲ್ಲಿಟ್ಟಿದ್ದವು. ಹಸಿ ಕಸ, ಒಣ ಕಸದ ಜೊತೆ ಅದನ್ನು ಸೇರಿಸುವಂತಿಲ್ಲ. ಡಬ್ಬಿ ಖಾಲಿಯಾದ ಕೂಡಲೇ ಮೂರು ಸಲ ತೊಳೆದು, ಆ ನೀರನ್ನು ಪಂಪಿನ ಟ್ಯಾಂಕಿಗೇ ಹಾಕಿ. ಆಮೇಲೆ ಡಬ್ಬಿಗೆ ತೂತು ಮಾಡಿ, ಬೇರೆ ಚೀಲದಲ್ಲಿ ಕಟ್ಟಿ, ಮಕ್ಕಳ ಕೈಗೆ, ದನದ ಬಾಯಿಗೆ ಸಿಗದ ಕಡೆ ಇಡಿ. ಸುಡಬೇಡಿ. ಹತ್ತಿರದ ಊರೊಂದರ ಘಟಕದಲ್ಲಿ ಈ ಡಬ್ಬಿಗಳು ಹಸಿ ಕಸದ ಗುಂಡಿಯಲ್ಲಿ ಬಿದ್ದಿದ್ದನ್ನು ನೋಡಿದ್ದೇನೆ. ಆ ಗೊಬ್ಬರವನ್ನು ಪುಕ್ಕಟೆ ಕೊಟ್ಟರೂ ನಾನು ಒಯ್ಯೋದಿಲ್ಲ.

ಸರಿಯಾಗಿ ಬೇರ್ಪಟ್ಟ ಹಸಿ ಕಸದ ಗೊಬ್ಬರ ಮಾತ್ರ ಒಳ್ಳೆ ಮಾಲು. ತಗೊಳ್ಳೋ ಮೊದಲು ಪರೀಕ್ಷಾ ವರದಿ ಕೇಳಿ. ರಸಗೊಬ್ಬರ ನಿಯಂತ್ರಣ ಆದೇಶದ ಪ್ರಕಾರ ನಗರ ಕಸದ ಕಾಂಪೋಸ್ಟ್‌ನಲ್ಲಿ ತೇವಾಂಶ ಶೇ 15ರಿಂದ 25, ಸೀಸ ಕೆ.ಜಿ.ಗೆ 100 ಮಿ.ಗ್ರಾಂ, ಕ್ಯಾಡ್ಮಿಯಂ 5 ಮಿ.ಗ್ರಾಂ ಮೀರಬಾರದು. ಲವಣಾಂಶ ತೋರಿಸುವ ಇ.ಸಿ. 4 ದಾಟಬಾರದು. ನಮ್ಮ ಕಾಲುವೆ ಕೆಳಗಿನ ಎರೆ ಭೂಮಿ ಮೊದಲೇ ಸವಳಿಗೆ ಬೀಳ್ತಿದೆ, ಆದ್ದರಿಂದ ಇ.ಸಿ. ಅಂಕಿಯನ್ನು ನಾನು ಎಲ್ಲಕ್ಕಿಂತ ಮೊದಲು ನೋಡ್ತೀನಿ. ಸಾವಯವ ದೃಢೀಕರಣ ಇದ್ದವರು ತಮ್ಮ ಸಂಸ್ಥೆಯಿಂದ ಬರಹದಲ್ಲಿ ಒಪ್ಪಿಗೆ ಪಡೆದೇ ಬಳಸಿ.

ಇನ್ನು ಫೋನ್ ಕೈಗೆತ್ತಿಕೊಳ್ರಿ. ‘ಇ-ಗ್ರಾಮ ಸ್ವರಾಜ್’ ಆ್ಯಪ್‌ನಲ್ಲಿ ರಾಜ್ಯ, ಜಿಲ್ಲೆ, ತಾಲ್ಲೂಕು, ಪಂಚಾಯಿತಿ ಆರಿಸಿದರೆ ಆ ವರ್ಷದ ಕಾಮಗಾರಿ ಯೋಜನೆ, ಖರ್ಚು ಸಿಗುತ್ತದೆ. ನೈರ್ಮಲ್ಯದ ಸಾಲುಗಳ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ. 6 ತಿಂಗಳಿಗೊಮ್ಮೆಯಾದರೂ ಗ್ರಾಮಸಭೆ ನಡೆಯಲೇಬೇಕು. ಅಲ್ಲಿ ನಾಲ್ಕೇ ಪ್ರಶ್ನೆ ಕೇಳಿ: ಬೈಲಾ ಪಾಸಾಗಿದೆಯಾ, ದಂಡ ಹಾಕುವ ಅಧಿಕಾರ ಯಾರಿಗೆ, ಕಳೆದ ವರ್ಷ ಎಷ್ಟು ರಸೀದಿ ಹರಿದಿದ್ದೀರಿ, ಎಣ್ಣೆ ಡಬ್ಬಿಗೆ ಪ್ರತ್ಯೇಕ ಜಾಗ ಎಲ್ಲಿ? ಬಾಯಿಮಾತಿನ ಉತ್ತರಕ್ಕೆ ಒಪ್ಪಬೇಡಿ. ನಡಾವಳಿ ಪುಸ್ತಕದಲ್ಲಿ ಬರೆಸಿ, ಆ ಪುಟದ ಫೋಟೊ ತೆಗೆದುಕೊಂಡೇ ಎದ್ದು ಬನ್ನಿ.